ಊರ ಗಡಿಯೂ ನೀರಿನ ದಾರಿಯೂ

(ನೆರೆಹಳ್ಳಿಗಳ ರೈತರು ಕೆರೆ ಏರಿಯ ಮೇಲೆ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯನ್ನು ಶಾಲೆಯ ಕೊಠಡಿಯಲ್ಲಿ ಮಾಡೋಣವೆಂದು ಹಿರಿಯರು ಹೇಳಿದ್ದರು. ಅಲ್ಲಿ ನೆರಳಿತ್ತು, ಕುಳಿತುಕೊಳ್ಳಲು ಬೆಂಚುಗಳಿದ್ದವು. ಬೇಡ, ಏರಿಯ ಮೇಲೆಯೇ ಮಾಡೋಣವೆಂದು ನಾನು ಕೇಳಿಕೊಂಡೆನು. ಬಿಸಿಲಿಗೆ ಕ್ಷಮಿಸಬೇಕು. ನಾನು ಹೇಳಬೇಕೆಂದಿರುವ ವಿಷಯ ಇಲ್ಲಿಂದ ಕಣ್ಣಿಗೇ ಕಾಣುತ್ತದೆ. ನಿಮ್ಮ ಎಡಕ್ಕೆ ಕೆರೆಯಂಗಳ. ಅದರ ಮೇಲ್ಗಡೆ ಕಾಣುವ ತೆಂಗಿನ ಸಾಲು ಪಕ್ಕದ ಪಂಚಾಯಿತಿಗೆ ಸೇರಿದ್ದು. ಬಲಕ್ಕೆ ಅಚ್ಚುಕಟ್ಟು, ಅದು ಮುಗಿಯುವಲ್ಲಿ ಹಳ್ಳ, ಹಳ್ಳದಾಚೆಯ ಕೆರೆ ಇನ್ನೊಂದು ಪಂಚಾಯಿತಿಯದು. ನಿಂತಲ್ಲಿಂದಲೇ ಮೂರು ಪಂಚಾಯಿತಿಗಳನ್ನು ನೋಡುತ್ತಿದ್ದೀರಿ. ಮೇಲಿನ ದಿನ್ನೆಯಲ್ಲಿ ಬಿದ್ದ ಮಳೆಹನಿಗೆ ಇದೆಲ್ಲ ಒಂದೇ ದಾರಿ. ಸಭೆಗೆ ಬಾರದೆ ಈ ಪತ್ರಿಕೆಯಲ್ಲಿ ಇದನ್ನು ಓದುತ್ತಿರುವವರು ತಮ್ಮ ಊರಿನ ಏರಿಯನ್ನು ಮನಸ್ಸಿನಲ್ಲಿ ತಂದುಕೊಂಡರೆ ಸಾಕು. ಕೋಲಾರದ ಸೀಮೆಯಲ್ಲಿ ಎಲ್ಲ ಏರಿಗಳೂ ಹೆಚ್ಚು ಕಡಿಮೆ ಹೀಗೆಯೇ ಇವೆ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ, ಅಂದರೆ ಒಂದು ಒಳ್ಳೆಯ ಹದಮಳೆಯಾದರೆ, ಆ ಎಕರೆಯ ಮೇಲೆ ಸುಮಾರು 1 ಲಕ್ಷ ಲೀಟರ್ ನೀರು ಬಿದ್ದಂತಾಗುತ್ತದೆ. ನೂರು ಎಕರೆ ದಿನ್ನೆಯಲ್ಲಿ ಬಿದ್ದುದರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಹರಿದು ಬಂದಿತೆಂದು ಇಟ್ಟುಕೊಳ್ಳಿ. ಆಗಲೂ 10 ಲಕ್ಷ ಲೀಟರ್ ಆಯಿತು. ಆ ನೀರು ಕೆರೆಗೆ ಬರುವುದು ಕಾಲುವೆಯಿಂದ. ಕಾಲುವೆ ಮುಚ್ಚಿದ್ದರೆ ಅದೇ ನೀರು ಯಾರದೋ ರಾಗಿ ಹೊಲವನ್ನು ಕೊಚ್ಚಿಕೊಂಡು ರಸ್ತೆಗೆ ಹೋಗುತ್ತದೆ. ಅತ್ತ ಕೆರೆ ಒಣಗಿರುತ್ತದೆ, ಇತ್ತ ಹೊಲ ಹಾಳಾಗಿರುತ್ತದೆ.

ನದಿಯಿಲ್ಲದ ಸೀಮೆ ನಮ್ಮದು ಎಂದು ಜನ ಹೇಳುವುದುಂಟು. ಪಾಲಾರ್ ಉಂಟು, ದಕ್ಷಿಣ ಪಿನಾಕಿನಿ ಉಂಟು. ವರ್ಷವಿಡೀ ಹರಿಯುವುದಿಲ್ಲ, ಅಷ್ಟೆ. ಅದಕ್ಕಾಗಿಯೇ ನಮ್ಮ ಹಿರಿಯರು ಕಣಿವೆಯುದ್ದಕ್ಕೂ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಹಳೆಯ ಮೈಸೂರು ಸಂಸ್ಥಾನದಲ್ಲಿ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ ಇದನ್ನು ನೋಡಿ, ಇಷ್ಟು ದೊಡ್ಡ ಸೀಮೆಯಲ್ಲಿ ಹೊಸದಾಗಿ ಒಂದು ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟವೆಂಬ ಅರ್ಥದಲ್ಲಿ ಬರೆದಿಟ್ಟರು. ಬೆಂಗಳೂರಿನ ಸ್ಯಾಂಕಿ ಕೆರೆ ಅವರ ಹೆಸರಿನದೇ. ಇಂದು ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳ ಲೆಕ್ಕವಿದೆ. ಲೆಕ್ಕದಲ್ಲಿ ಕೆರೆಗಳಿವೆ, ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಲೆಕ್ಕ ಇಟ್ಟವರು ಕಡಿಮೆ.

ಮೇಲಿನವರು ನೀರು ಹಿಡಿದರೆ ಕೆಳಗಿನವರಿಗೆ ತಪ್ಪುತ್ತದೆ ಎಂಬ ಜಗಳ ನಮ್ಮ ನಿಮ್ಮ ಕಾಲದ್ದಲ್ಲ. 1892ರಲ್ಲಿ ಮೈಸೂರಿಗೂ ಮದ್ರಾಸಿಗೂ ಆದ ಒಪ್ಪಂದದ ಬೇರು ಇದರಲ್ಲಿಯೇ ಇದೆ. ಮೈಸೂರಿನವರು ಹಾಳುಬಿದ್ದ ಕೆರೆಗಳನ್ನು ರಿಪೇರಿ ಮಾಡಿ ಹೊಸ ಕೆರೆಗಳನ್ನೂ ಕಟ್ಟಲು ಹೊರಟಾಗ, ಕೆಳಗಿದ್ದ ಮದ್ರಾಸಿನವರು ತಮ್ಮ ನೀರು ಕಡಿಮೆಯಾದೀತೆಂದು ತಕರಾರು ತೆಗೆದರು. ಕಡೆಗೆ, ಇಂತಿಂಥ ಹೊಳೆಗಳ ಮೇಲೆ ಹೊಸ ಕೆಲಸ ಮಾಡಬೇಕಾದರೆ ಮೊದಲು ಕೇಳಬೇಕು ಎಂದು ಬರೆದುಕೊಂಡರು. ಆ ಒಪ್ಪಂದ ನಮಗೆ ಅನ್ಯಾಯ ಮಾಡಿತೆಂದು ಈ ಕಡೆಯವರ ಅಭಿಪ್ರಾಯ. ಆ ವಾದವನ್ನು ಇಲ್ಲಿ ತರುವುದಿಲ್ಲ. ಎರಡು ಸರಕಾರಗಳು ಕುಳಿತು ಮಾತನಾಡಿದ ಸಂಗತಿಯನ್ನು ಎರಡು ಪಂಚಾಯಿತಿಗಳು ಒಂದು ಚಾವಡಿಯಲ್ಲಿ ಕುಳಿತು ಮಾತನಾಡಲಾರವೇ ಎಂಬುದಷ್ಟೇ ನನ್ನ ಪ್ರಶ್ನೆ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಊರಿನ ಕೆರೆಯ ಹೂಳೆತ್ತುವ ಕೆಲಸದಲ್ಲಿ ನಾನೂ ನಿಂತಿದ್ದೆನು. ಊರಿನ ಹೆಸರು ಬೇಡ. ಕೆಲಸ ಚೆನ್ನಾಗಿಯೇ ಆಯಿತು. ಟ್ರ್ಯಾಕ್ಟರಿನಲ್ಲಿ ಹೋದ ಗೋಡು ಮಣ್ಣಿನ ಲೋಡುಗಳನ್ನು ನಾನೇ ಎಣಿಸಿ ಬರೆದೆನು. ಹೊಲಗಳಿಗೆ ಮಣ್ಣು ಸಿಕ್ಕಿತೆಂದು ರೈತರಿಗೂ ಸಂತೋಷ. ಏರಿಯ ಮೇಲೆ ಸಸಿ ನೆಟ್ಟೆವು, ಸಿಹಿ ಹಂಚಿದೆವು. ಮಳೆಗಾಲ ಬಂದಿತು, ಅಕ್ಕಪಕ್ಕದ ಹಳ್ಳಗಳೆಲ್ಲ ಹರಿದವು, ಈ ಕೆರೆಗೆ ಮೊಣಕಾಲುದ್ದ ನೀರು ಬರಲಿಲ್ಲ. ಮರು ವರ್ಷವೂ ಹಾಗೆಯೇ. ಆಗ ಆ ಊರಿನ ಹಳೆಯ ನೀರುಗಂಟಿಯೊಬ್ಬರು ನನ್ನನ್ನು ಕರೆದು, “ಸ್ವಾಮಿ, ಮಣ್ಣು ತೆಗೆದದ್ದು ಎಷ್ಟು ಲೋಡು ಅಂತ ಬರ್ಕೊಂಡ್ರಿ. ನೀರು ಎಲ್ಲಿಂದ ಬರ್ತದೆ ಅಂತ ಒಂದಿನ ನಡ್ಕೊಂಡು ಹೋಗಿ ನೋಡಿದ್ರಾ?” ಎಂದರು.

ನೋಡಿರಲಿಲ್ಲ. ಅವರ ಜೊತೆಯಲ್ಲಿ ನಡೆದೆನು. ಒಂದೂವರೆ ಮೈಲಿ ಮೇಲೆ, ಬೇರೆ ಪಂಚಾಯಿತಿಯ ಎಲ್ಲೆಯೊಳಗೆ, ತೋಟಗಳಿಗೆ ಹೋಗುವ ದಾರಿಯೊಂದನ್ನು ಕಾಲುವೆಗೆ ಅಡ್ಡಲಾಗಿ ಮಣ್ಣು ಹಾಕಿ ಎತ್ತರಿಸಿದ್ದರು. ಕೆಳಗೆ ನೀರು ಹೋಗಲು ಒಂದು ಸಿಮೆಂಟ್ ಕೊಳವೆಯನ್ನೂ ಇಟ್ಟಿರಲಿಲ್ಲ. ಅದರಿಂದ ಕೆಳಗೆ ಕಾಲುವೆ ತುಂಬ ಬಳ್ಳಾರಿ ಜಾಲಿ. ಇನ್ನೂ ಕೆಳಗೆ ಒಬ್ಬ ರೈತರು ಕಾಲುವೆಯನ್ನು ಹೊಲಕ್ಕೆ ಸೇರಿಸಿ ಉತ್ತಿದ್ದರು. ದಾರಿ ಮಾಡಿದವರು ತಮ್ಮ ಪಂಚಾಯಿತಿಗೆ ಒಳ್ಳೆಯದನ್ನೇ ಮಾಡಿದ್ದರು. ನಾವೂ ನಮ್ಮ ಕೆರೆಗೆ ಒಳ್ಳೆಯದನ್ನೇ ಮಾಡಿದ್ದೆವು. ನಡುವಿನ ಒಂದೂವರೆ ಮೈಲಿ ಯಾರ ಕೆಲಸದ ಪಟ್ಟಿಯಲ್ಲಿಯೂ ಇರಲಿಲ್ಲ.

ಉತ್ತವರನ್ನು ಬೈಯುವುದು ಸುಲಭ. ಅವರು ಪಡೆದದ್ದೆಷ್ಟು, ನೋಡೋಣ. ಗುಂಟೆಯೆಂದರೆ 33 ಅಡಿಗೆ 33 ಅಡಿ. ಕಾಲುವೆ 11 ಅಡಿ ಅಗಲವಿದ್ದರೆ, 4 ಗುಂಟೆ ಒತ್ತುವರಿಯಲ್ಲಿ ಸುಮಾರು 400 ಅಡಿ ಉದ್ದದ ಕಾಲುವೆ ಮುಚ್ಚಿಹೋಗುತ್ತದೆ. ಮಳೆ ಆಧಾರದಲ್ಲಿ 4 ಗುಂಟೆಗೆ ಬರುವುದು ಹೆಚ್ಚೆಂದರೆ ಒಂದು ಮೂಟೆ ರಾಗಿ. ಆ ಒಂದು ಮೂಟೆಗಾಗಿ ಕೆಳಗಿನ ಕೆರೆ, ಅದರ ಸುತ್ತಿನ ಬಾವಿಗಳು, ಬೋರ್‌ವೆಲ್‌ಗಳು ಬತ್ತಿದವು. ಆ ರೈತರ ಸ್ವಂತ ಬೋರ್‌ವೆಲ್ ಕೂಡ ಅವುಗಳಲ್ಲಿ ಸೇರಿತ್ತು. ಸಾವಿರ ಅಡಿಗೂ ಆಳಕ್ಕೆ ಕೊರೆಸಿ ಸಾಲ ಮಾಡಿಕೊಂಡವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರೆಂದು ಕೈಯೆತ್ತಿಸುವುದಿಲ್ಲ. ನನಗೂ ಗೊತ್ತು, ನಿಮಗೂ ಗೊತ್ತು.

ಕಾಲುವೆಯ ಬೆಲೆ ಏನೆಂಬುದನ್ನು ಕೋಲಾರದವರು 2018ರಲ್ಲಿ ಕಣ್ಣಾರೆ ಕಂಡರು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಪೈಪಿನಲ್ಲಿ ತಂದು ಆ ವರ್ಷದ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಕುಡಿಯಲಿಕ್ಕಲ್ಲ, ಕೆರೆ ತುಂಬಿ ಅಂತರ್ಜಲ ಏರಲೆಂದು. ಮೊದಲ ಹಂತದ ಗುರಿ 126 ಕೆರೆ. ನೀರು ಇನ್ನೂ ಶುದ್ಧವಾಗಬೇಕು, ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ರೈತರು ಕೇಳಿದ್ದಾರೆ. ಕೇಳಿದ್ದು ನ್ಯಾಯವೆಂದೇ ನನ್ನ ಮತ. ಇಲ್ಲಿ ನಾನು ಹೇಳುವುದು ಬೇರೆ. ಅಷ್ಟು ಕೆರೆಗಳಿಗೂ ಪೈಪು ಹಾಕಲಿಲ್ಲ. ಬಹುಮಟ್ಟಿಗೆ ನೀರು ಹೋದದ್ದು ಹಿರಿಯರು ಬಿಟ್ಟುಹೋದ ಅದೇ ಕೋಡಿ, ಅದೇ ಹಳ್ಳ, ಅದೇ ರಾಜಕಾಲುವೆಗಳಲ್ಲಿ. ಕಾಲುವೆ ಉಳಿದಿದ್ದ ಕಡೆ ನೀರು ಕೆರೆಯಿಂದ ಕೆರೆಗೆ ತಾನೇ ನಡೆಯಿತು. ಜಾಲಿ ಬೆಳೆದು ಮುಚ್ಚಿದ್ದ ಕಡೆ ಯಂತ್ರ ತಂದು ಬಿಡಿಸಬೇಕಾಯಿತು.

ಬೆಂಗಳೂರಿನ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ. ಅಲ್ಲಿಯೂ ಕೆರೆಗಳು ಹೀಗೆಯೇ ಸಾಲಾಗಿದ್ದವು. ನಡುವಿನ ರಾಜಕಾಲುವೆಗಳ ಮೇಲೆ ಮನೆ, ಕಚೇರಿ, ರಸ್ತೆಗಳು ಬಂದವು. 2022ರ ಆಗಸ್ಟ್ ಕೊನೆಯಲ್ಲಿಯೂ ಸೆಪ್ಟೆಂಬರ್ ಮೊದಲಲ್ಲಿಯೂ ಮಳೆ ಹೊಯ್ದಾಗ ಬೆಳ್ಳಂದೂರಿನ ಕಡೆಯ ದೊಡ್ಡ ದೊಡ್ಡ ಬಡಾವಣೆಗಳ ಜನರನ್ನು ಟ್ರ್ಯಾಕ್ಟರಿನ ಮೇಲೆ, ದೋಣಿಯಲ್ಲಿ ಸಾಗಿಸಿದರು. ನಮ್ಮ ಟ್ರ್ಯಾಕ್ಟರಿಗೆ ಆ ಕೆಲಸವೂ ಬಂದಿತು! ನಮ್ಮ ಊರುಗಳ ಅಂಚಿಗೂ ಈಗ ಲೇಔಟುಗಳು ಬರುತ್ತಿವೆ. ಕಾಲುವೆಯನ್ನು ಗುರುತಿಸಿಡಬೇಕಾದದ್ದು ಸೈಟುಗಳ ಕಲ್ಲು ನೆಡುವುದಕ್ಕೆ ಮೊದಲು.

ಇದುವರೆಗೆ ನೀರಿನ ಮಾತೇ ಆಯಿತು. ಕಾಲುವೆಯ ದಡದಲ್ಲಿ ಹೊಂಗೆ ಇರುತ್ತದೆ, ಲಕ್ಕಿ ಇರುತ್ತದೆ, ಹುಲ್ಲು ಇರುತ್ತದೆ. ಕಾಲುವೆ ಕೆರೆಯಿಂದ ಗೋಮಾಳದ ಅಂಚಿಗೆ ಹೋಗುತ್ತದೆ; ಗೋಮಾಳದ ಪಕ್ಕದಲ್ಲಿ ಗುಂಡುತೋಪು; ತೋಪಿನಿಂದ ಬಂಡಿ ಜಾಡು ಮುಂದಿನ ಊರಿಗೆ. ಕುರಿಗಾರರು ಮಂದೆ ಹೊಡೆದುಕೊಂಡು ಊರಿಂದೂರಿಗೆ ಹೋಗುವುದು ಈ ಹಸಿರಿನ ಪಟ್ಟಿಯಲ್ಲಿಯೇ. ಆ ದಾರಿ ಕಡಿದುಹೋದರೆ ನಿಮ್ಮ ಹೊಲದಲ್ಲಿ ಮಂದೆ ನಿಲ್ಲಿಸುವವರಾರು, ಗೊಬ್ಬರ ಕೊಡುವವರಾರು? ತುಡುವೆ ಜೇನು ಗೂಡಿನಿಂದ ಒಂದೆರಡು ಕಿಲೋಮೀಟರಿನೊಳಗೇ ಸಾಮಾನ್ಯವಾಗಿ ಮೇವು ಹುಡುಕುತ್ತದೆ. ಎರಡು ತೋಪುಗಳ ನಡುವೆ ಬರೀ ಬಯಲಾದರೆ ನಡುವಣ ಕುಂಬಳ, ಹುಚ್ಚೆಳ್ಳಿನ ಹೂವಿಗೆ ಜೇನು ಬಾರದು. ಇಲಿ ಹಿಡಿಯುವ ಗೂಬೆಗೂ ಕೂರಲು ಮರ ಬೇಕು. ಇವು ಒಂದಕ್ಕೊಂದು ಕೂಡಿದ್ದರೆ ಕೆಲಸಕ್ಕೆ ಬರುತ್ತವೆ. ತುಂಡಾದರೆ ಒಂದೊಂದೂ ಬಡವಾಗುತ್ತದೆ. 1950ರಿಂದ ವರ್ಷವರ್ಷವೂ ವನಮಹೋತ್ಸವ ಮಾಡುತ್ತ ಬಂದಿದ್ದೇವೆ. ಶಾಲೆಯ ಮುಂದೆ, ಪಂಚಾಯಿತಿ ಕಚೇರಿಯ ಮುಂದೆ ನೆಡುತ್ತೇವೆ. ಕಾಲುವೆಯ ದಡದಲ್ಲಿ ನೆಟ್ಟಿದ್ದರೆ ಎರಡು ತೋಪುಗಳನ್ನು ಕೂಡಿಸಿದಂತಾಗುತ್ತಿತ್ತು. ಕಾಲುವೆಯ ಎಲ್ಲೆಯೂ ಗೊತ್ತಾಗುತ್ತಿತ್ತು.

ತೋಪನ್ನು ಉಳಿಸಿಕೊಂಡ ಉದಾಹರಣೆ ದೂರದಲ್ಲಿಲ್ಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಿಸೆ ತೋಪು ಸುಮಾರು 54 ಎಕರೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಇಡೀ ದೇಶಕ್ಕೇ ಅದು ಮೊದಲನೆಯದು. ಇದಕ್ಕೆ ಆಧಾರವಾದ 2002ರ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ನಿಮ್ಮ ಪಂಚಾಯಿತಿಯ ಸಮಿತಿಯ ಸದಸ್ಯರು ಯಾರೆಂದು ಕೇಳಿ ನೋಡಿ. ಕೆಲವು ಕಡೆ ಸದಸ್ಯರಿಗೇ ತಾವು ಸದಸ್ಯರೆಂಬುದು ಗೊತ್ತಿರುವುದಿಲ್ಲ.

ಹಾಗಾದರೆ ಮಾಡುವುದೇನು? ಮೊದಲು ನಕಾಶೆ. ಪ್ರತಿ ಊರಿನ ಗ್ರಾಮ ನಕಾಶೆಯಲ್ಲಿ ಹಳ್ಳ, ಕಾಲುವೆ, ಬಂಡಿ ದಾರಿಗಳ ಗೆರೆ ಇದೆ. ನಿಮ್ಮ ಪಹಣಿಯಲ್ಲಿ ವಿಸ್ತೀರ್ಣದ ಅಂಕಣದಲ್ಲಿ ‘ಖರಾಬು’ ಎಂದು ಎರಡು ಬಗೆ ಇರುವುದನ್ನು ನೋಡಿದ್ದೀರಿ. ‘ಅ’ ಖರಾಬು ಬಂಡೆ, ಕಲ್ಲುಭೂಮಿ ಮುಂತಾಗಿ ಸಾಗುವಳಿಗೆ ಬಾರದ ನೆಲ. ‘ಬ’ ಖರಾಬು ಹಳ್ಳ, ಕಾಲುವೆ, ದಾರಿ ಮೊದಲಾಗಿ ಸಾರ್ವಜನಿಕರಿಗೆ ಬಿಟ್ಟದ್ದು. ನಿಮ್ಮ ಸರ್ವೆ ನಂಬರಿನೊಳಗೇ ಇದ್ದರೂ ಅದು ನಿಮ್ಮದಲ್ಲ. ಮಗನ ಕೈಯಲ್ಲಿ ಮೊಬೈಲ್ ಫೋನಿದ್ದರೆ ಸರ್ವೆ ಇಲಾಖೆಯ ‘ದಿಶಾಂಕ್’ ಎಂಬುದನ್ನು ಹಾಕಿಸಿಕೊಳ್ಳಿ. ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಅದು ತೋರಿಸಿದ ಗೆರೆಯನ್ನೇ ಹಿಡಿದು ಜಗಳಕ್ಕೆ ಹೋಗಬೇಡಿ. ಅಳತೆ ಮಾಡಿ ಕಲ್ಲು ನೆಡಬೇಕಾದವರು ಸರ್ವೆಯರು.

ಮುಖ್ಯವಾದ ಮಾತೆಂದರೆ, ಒಂದೂರಿನ ನಕಾಶೆ ಸಾಲದು. ನಕಾಶೆ ಊರ ಎಲ್ಲೆಗೆ ಮುಗಿಯುತ್ತದೆ. ಕಾಲುವೆಯ ಗೆರೆಯೂ ಅಲ್ಲಿಗೆ ನಿಂತುಬಿಡುತ್ತದೆ. ಸಾಲಿನಲ್ಲಿರುವ ಎಲ್ಲ ಊರುಗಳ ನಕಾಶೆಗಳನ್ನು ಅಂಚಿಗೆ ಅಂಚು ಕೂಡಿಸಿ ನೆಲದ ಮೇಲೆ ಹಾಸಿ. ಗೆರೆಗೆ ಗೆರೆ ಕೂಡಬೇಕು. ಆಮೇಲೆ ಕೆರೆ, ಕೋಡಿ, ಕಾಲುವೆ, ಗೋಮಾಳ, ತೋಪುಗಳಿಗೆ ಬಣ್ಣ ಹಾಕಿ. ಆ ಗೆರೆಯ ಮೇಲೆ ನಡೆಯಿರಿ. ನೀರುಗಂಟಿಗಳ ಮನೆತನದವರು, ಕುರಿಗಾರರು, ಮೇವಿಗೆ ಹೋಗುವ ಹೆಂಗಸರು ಜೊತೆಗಿರಬೇಕು. ಕಾಗದಕ್ಕಿಂತ ಅವರಿಗೆ ಹೆಚ್ಚು ಗೊತ್ತು. ಮುಚ್ಚಿದ್ದೆಲ್ಲಿ, ಕಡಿದದ್ದೆಲ್ಲಿ ಎಂದು ಬರೆದುಕೊಳ್ಳಿ. ಅದೇ ನಕಾಶೆಯನ್ನು ಪ್ರತಿಯೊಂದು ಊರಿನ ಗ್ರಾಮಸಭೆಯಲ್ಲಿಯೂ ಇಟ್ಟು ಒಂದೇ ಮಾತಿನ ಠರಾವು ಮಾಡಿಸಿ. ಸಂವಿಧಾನವೇ ಜಿಲ್ಲಾ ಯೋಜನಾ ಸಮಿತಿಗೆ ಈ ಕೆಲಸ ಹೇಳಿದೆ: ಪಂಚಾಯಿತಿಗಳಿಗೂ ಪಟ್ಟಣಗಳಿಗೂ ಸಮಾನವಾದ ವಿಷಯಗಳನ್ನು, ನೀರಿನ ಹಂಚಿಕೆಯನ್ನು, ಪರಿಸರ ರಕ್ಷಣೆಯನ್ನು ನೋಡಿಕೊಂಡು ಯೋಜನೆ ಮಾಡಬೇಕೆಂದು. ಕೆಳಗಿನಿಂದ ಕಾಗದ ಹೋಗದಿದ್ದರೆ ಅವರು ನೋಡುವುದಾದರೂ ಏನನ್ನು? ಪಟ್ಟಣದ ಯೋಜನಾ ಪ್ರದೇಶಕ್ಕೆ ಸೇರಿದ ಊರಿನವರು ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದಾಗ ತಪ್ಪದೆ ನೋಡಬೇಕು. ಕಾಲುವೆಯ ಗೆರೆ ಬಿಟ್ಟುಹೋಗಿದ್ದರೆ ಅವಧಿಯೊಳಗೆ ಆಕ್ಷೇಪಣೆ ಬರೆದುಕೊಡಬೇಕು.

ಕೆಲಸಕ್ಕೆ ಕೈಹಾಕುವಾಗ ಒಂದು ಕ್ರಮವುಂಟು. ಮೇಲಿನ ಕಾಲುವೆ ಬಿಡಿಸುವ ಮೊದಲು ಕೆಳಗಿನ ಕೆರೆಯ ಏರಿ, ಕೋಡಿ, ತೂಬುಗಳನ್ನು ಗಟ್ಟಿ ಮಾಡಿ. ಒಂದು ಕೆರೆ ಒಡೆದರೆ ಅದರ ಕೆಳಗಿನ ಸಾಲಿಗೆಲ್ಲ ಅಪಾಯ. ಜಾಲಿಯನ್ನು ಬುಡ ಬಿಟ್ಟು ಕಡಿದರೆ ಮತ್ತೆ ಚಿಗುರುತ್ತದೆ, ಬೇರುಸಹಿತ ಕೀಳಬೇಕು. ಕಾಲುವೆಯ ತಳದಲ್ಲಿ ಏನನ್ನೂ ನೆಡಬೇಡಿ. ದಡದಲ್ಲಿ ಹೊಂಗೆ, ಬೇವು, ಹಿಪ್ಪೆ. ಮಣ್ಣು ಕುಸಿಯುವ ಕಡೆ ಲಾವಂಚ. ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು 2017ರಲ್ಲಿಯೇ ಸರಕಾರದ ಆಜ್ಞೆಯಾಗಿದೆ.

“ಮೇಲಿನ ಊರಿನವರಿಗೆ ಇದರಿಂದ ಏನು ಲಾಭ?” ಎಂದು ಹಿಂದಿನ ಸಭೆಯಲ್ಲಿ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ. ಕೆಲವರು ತಮ್ಮ ಕೆರೆಯಲ್ಲಿ ಹೆಚ್ಚು ನೀರು ನಿಲ್ಲಲೆಂದು ಕೋಡಿಗೆ ಕಲ್ಲುಮಣ್ಣು ಪೇರಿಸುತ್ತಾರೆ. ಕೆಳಗಿನವರಿಗೆ ನೀರು ತಪ್ಪುತ್ತದೆ, ನಿಜ. ಆದರೆ ಮೊದಲು ಮುಳುಗುವುದು ಅವರದೇ ಕೆರೆಯ ಹಿಂದಿನ ಹೊಲಗಳು. ಮೊದಲು ಒಡೆಯುವುದು ಅವರದೇ ಏರಿ. ಇಷ್ಟಾದರೂ ಮೇಲಿನವರ ಪಾಲಿಗೆ ಕೆಲಸ ಹೆಚ್ಚು, ಲಾಭ ಕಡಿಮೆ ಎಂಬುದನ್ನು ಒಪ್ಪಬೇಕು. ಆದಕಾರಣ ಕೆಳಗಿನವರು ಆಳು ಕಳಿಸಬೇಕು, ಯಂತ್ರದ ಬಾಡಿಗೆಯಲ್ಲಿ ಪಾಲು ಕೊಡಬೇಕು; ಮೇಲಿನವರ ತೋಟದ ದಾರಿಗೆ ಕೊಳವೆ ಇಡಿಸುವ ಖರ್ಚನ್ನು ತಮ್ಮ ಮೇಲೆ ಹಾಕಿಕೊಳ್ಳಬೇಕು. ನಾನು ಹೇಳಿದ ಊರಿನಲ್ಲಿ ಕಡೆಗೆ ಕೆಲಸವಾದದ್ದು ಹೀಗೆಯೇ. ಕೊಳವೆಗೆ ದುಡ್ಡು ಕೆಳಗಿನ ಊರಿನದು, ಅಗೆದು ಇಟ್ಟವರು ಮೇಲಿನವರು. ಉತ್ತಿದ್ದ ರೈತರು ಎರಡು ತಿಂಗಳು ಯಾರೊಂದಿಗೂ ಮಾತನಾಡಲಿಲ್ಲ. ಬೆಳೆ ಕೊಯ್ಲಾದ ಮೇಲೆ ತಾವೇ ಬದು ಹಿಂದಕ್ಕೆ ಹಾಕಿದರು.

ಗೋಮಾಳದ ವಿಷಯ ಮಾತ್ರ ಇಷ್ಟು ಸಲೀಸಲ್ಲ. ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಬಿಡಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ಊರೊಟ್ಟಿನ ಜಮೀನಿನ ಒತ್ತುವರಿ ತೆರವು ಮಾಡಿಸಬೇಕೆಂದು ಸುಪ್ರೀಂ ಕೋರ್ಟು 2011ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಆ ತೀರ್ಪಿನಲ್ಲಿಯೇ, ಸರಕಾರದ ಆದೇಶದ ಮೇಲೆ ಭೂಮಿ ಪಡೆದ ಭೂಹೀನ ಕೂಲಿಗಾರರು, ಪರಿಶಿಷ್ಟರಂಥವರಿಗೆ ವಿನಾಯಿತಿಯ ಮಾತೂ ಇದೆ. ಒತ್ತುವರಿ ಎಂದ ಕೂಡಲೇ ಅರ್ಧ ಎಕರೆ ಉಳುವ ಬಡವನ ಮನೆಯ ಮುಂದೆ ಹೋಗಿ ನಿಲ್ಲುವುದು, ಹತ್ತು ಎಕರೆಗೆ ಬೇಲಿ ಹಾಕಿದ ಉಳ್ಳವರ ಮನೆಯಲ್ಲಿ ಕಾಫಿ ಕುಡಿದು ಬರುವುದು — ಇದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾಗೆ ಆರಂಭಿಸಿದ ಕೆಲಸ ಯಾವ ಊರಿನಲ್ಲಿಯೂ ಪೂರೈಸಲಿಲ್ಲ. ಪಟ್ಟಿಯನ್ನು ದೊಡ್ಡದರಿಂದ ಬರೆಯಲು ಆರಂಭಿಸಿ.

ಹೊತ್ತಾಯಿತು. ನಾಳೆ ಬೆಳಿಗ್ಗೆ ಏಳು ಗಂಟೆಗೆ ಮೇಲಿನ ಕೆರೆಯ ಕೋಡಿಯ ಹತ್ತಿರದಿಂದ ನಡೆಯಲು ಹೊರಡುತ್ತೇವೆ. ಮೂರು ಊರುಗಳ ನಕಾಶೆಗಳನ್ನೂ ತರಿಸಿದ್ದೇವೆ. ಪ್ರತಿ ಊರಿನಿಂದ ಐದು ಮಂದಿಯಾದರೂ ಬರಬೇಕು, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳಿರಬೇಕು. ಕುಡುಗೋಲು, ಗುದ್ದಲಿ, ಒಂದು ಅಳತೆಯ ಟೇಪು ತನ್ನಿ. ಕಾಲಿಗೆ ಗಟ್ಟಿಯಾದ ಮೆಟ್ಟು ಹಾಕಿಕೊಂಡು ಬನ್ನಿ. ಕಾಲುವೆಯಲ್ಲಿ ಜಾಲಿ ಮುಳ್ಳು ಬಹಳ. ಮಧ್ಯಾಹ್ನದ ಊಟ ಈ ಕೆರೆಯ ತೂಬಿನ ಹತ್ತಿರ, ಕೆಳಗಿನ ಊರಿನವರ ಕಡೆಯಿಂದ.